ಸ್ಟೀಫನ್ ಕಿಂಗ್: ಆರು ತಿಂಗಳಿಗೆ ಆರು ಪುಸ್ತಕ, ಯಾವುವು?

ಕುಕ್ಕರಹಳ್ಳಿ ದಂಡೆ

ಮೈಸೂರಿನ ನಮ್ಮ ಓದುಗರ ಬಳಗದಲ್ಲಿ ಮುಂದಿನ ಆರು ತಿಂಗಳು ಅಮೆರಿಕದ ಭಯಾನಕ ಕಥೆಗಾರ ಸ್ಟೀಫನ್ ಕಿಂಗ್ ಅಂತ ತೀರ್ಮಾನ ಆಗಿದೆ. ತಿಂಗಳಿಗೊಂದು ಪುಸ್ತಕ, ಕೊನೇ ಭಾನುವಾರ ಚರ್ಚೆ. ಬಳಗದಲ್ಲಿ ಅರ್ಧ ಜನ ಯಂಡಮೂರಿಯ ಮಾಟದ ಕಾದಂಬರಿ ‘ತುಳಸಿದಳ’ದ ಕಾಲದ ಓದುಗರು, ಇನ್ನರ್ಧ ಒಟಿಟಿ ನೋಡಿ ಬಂದವರು. 1974ರಲ್ಲಿ ‘ಕ್ಯಾರಿ’ ಬಂದಲ್ಲಿಂದ ಈತನ ಕಾದಂಬರಿಗಳೇ ಅರವತ್ತು ದಾಟಿವೆ, ಕಥಾಸಂಕಲನ ಬೇರೆ. ಅಷ್ಟರಲ್ಲಿ ಆರು.

ನನ್ನ ಪಟ್ಟಿ: ಸೇಲಮ್ಸ್ ಲಾಟ್, ದಿ ಶೈನಿಂಗ್, ದಿ ಸ್ಟ್ಯಾಂಡ್, ಪೆಟ್ ಸೆಮೆಟರಿ, ಇಟ್, ಮಿಸರಿ. ಹರಿದುಹಾಕಿ ನೋಡೋಣ.

ಎರಡೇ ಷರತ್ತು. ಸಿನಿಮಾ ಚೆನ್ನಾಗಿದೆ ಅನ್ನೋದು ಪುಸ್ತಕಕ್ಕೆ ಅಂಕ ಅಲ್ಲ. “ಸಖತ್ ಹೆದರಿಕೆ ಆಗುತ್ತೆ” ಅಂದರೆ ಸಾಲದು, ಎಲ್ಲಿ ಆಗುತ್ತೆ, ಹೇಗೆ ಆಗುತ್ತೆ ಹೇಳಬೇಕು. ಗುಟ್ಟುಗಳು ರಟ್ಟಾಗುತ್ತವೆ, ಓದದವರು ನೋಡಿಕೊಂಡು ಮುಂದುವರಿಯಿರಿ.

ಹಳೇಪುಸ್ತಕ

ತೂಕ ಹಾಕಿ ಆರಿಸಿದ ಹಾಗಿದೆ ಸಾರ್. ‘ಇಟ್’ ಮೊದಲ ಮುದ್ರಣ 1138 ಪುಟ. ‘ಸ್ಟ್ಯಾಂಡ್’ನ 1990ರ ಪೂರ್ಣ ಆವೃತ್ತಿ 1150ರ ಆಸುಪಾಸು. ದಿನಕ್ಕೆ 30 ಪುಟ ತಪ್ಪದೆ ಓದಿದರೂ ಒಂದೊಂದಕ್ಕೆ 38 ದಿನ. ಚರ್ಚೆಯ ದಿನ ಅರ್ಧ ಜನ 400ನೇ ಪುಟದಲ್ಲಿರ್ತಾರೆ, ಮುಗಿಸಿದವರು ಬಾಯಿ ಬಿಡೋ ಹಾಗಿಲ್ಲ. ಎರಡರಲ್ಲಿ ಒಂದೇ ಇರಲಿ, ಅದಕ್ಕೆ ಎರಡು ತಿಂಗಳು ಕೊಡಿ.

‘ಸ್ಟ್ಯಾಂಡ್’ ತೆಗೆದುಕೊಳ್ಳೋದಾದರೆ ಇನ್ನೊಂದು ತೊಡಕು. 1978ರ ಮೊದಲ ಆವೃತ್ತಿ 823 ಪುಟ. ಅಷ್ಟು ದಪ್ಪ ಪುಸ್ತಕದ ಖರ್ಚು ಹುಟ್ಟೋದಿಲ್ಲ ಅಂತ ಪ್ರಕಾಶಕರು ಹಸ್ತಪ್ರತಿಯ ಸುಮಾರು 400 ಪುಟ ತೆಗೆಸಿದ್ದರು. 1990ರಲ್ಲಿ ಅದರಲ್ಲಿ ಬಹುಪಾಲು ವಾಪಸ್ ಬಂತು, ಕಥೆ ನಡೆಯುವ ಇಸವಿಯೂ 1980ರಿಂದ 1990ಕ್ಕೆ ಜರುಗಿತು. ಹಳೇ ಪುಸ್ತಕದಂಗಡಿಯಲ್ಲಿ ಎರಡೂ ಸಿಗುತ್ತವೆ. ಬಳಗದಲ್ಲಿ ನಾಲ್ಕು ಜನ ಹಳೆಯದು, ನಾಲ್ಕು ಜನ ಹೊಸದು ಹಿಡಿದುಕೊಂಡು ಬಂದರೆ ಒಬ್ಬರು ಹೇಳಿದ ಪ್ರಸಂಗ ಇನ್ನೊಬ್ಬರ ಪುಸ್ತಕದಲ್ಲೇ ಇರೋದಿಲ್ಲ. ಕೊಳ್ಳುವ ಮುಂಚೆ ಒಳಪುಟದಲ್ಲಿ ‘ಕಂಪ್ಲೀಟ್ ಅಂಡ್ ಅನ್‌ಕಟ್’ ಅಂತ ಇದೆಯಾ ನೋಡಿ.

ಒಂಟಿಕೊಪ್ಪಲು

ಮಿಕ್ಕಿದ್ದು ಏನಾದರೂ ಮಾಡಿಕೊಳ್ಳಿ, ‘ಪೆಟ್ ಸೆಮೆಟರಿ’ (1983) ಮಾತ್ರ ಮೊದಲ ಸ್ಥಾನಕ್ಕೆ ಬರಬೇಕು.

ಮನೆ ಮುಂದೆ ಲಾರಿಗಳು ನುಗ್ಗುವ ರಸ್ತೆ. ಹಿಂದೆ ಊರ ಮಕ್ಕಳು ನಾಯಿ ಬೆಕ್ಕು ಹೂಳುವ ಜಾಗ. ಅದರಾಚೆ, ಬಿದ್ದ ಮರಗಳ ರಾಶಿ ದಾಟಿದರೆ, ಹೂತದ್ದು ಎದ್ದು ಬರುವ ಇನ್ನೊಂದು ಜಾಗ. ಮನೆಯಲ್ಲಿ ಒಬ್ಬ ಡಾಕ್ಟರು, ಹೆಂಡತಿ, ಮಗಳು, ಪುಟ್ಟ ಮಗ, ಒಂದು ಬೆಕ್ಕು. ಇಷ್ಟನ್ನು ಜೋಡಿಸಿಟ್ಟ ಮೇಲೆ ಏನಾಗುತ್ತೆ ಅಂತ ಯಾರು ಬೇಕಾದರೂ ಊಹಿಸಬಹುದು. ಕಿಂಗ್ ಊಹೆಗೂ ಬಿಡೋದಿಲ್ಲ. ಅಪ್ಪ ಮಗ ಗಾಳಿಪಟ ಹಾರಿಸುವ ಅಧ್ಯಾಯ ಇದೆಯಲ್ಲ, ಇಡೀ ಪುಸ್ತಕದಲ್ಲಿ ಅದಕ್ಕಿಂತ ಸಂತೋಷದ ಜಾಗ ಇಲ್ಲ. ಅದರ ನಡುವೆ, ಈ ಮಗುವಿಗೆ ಇನ್ನು ಎರಡು ತಿಂಗಳೂ ಆಯಸ್ಸಿಲ್ಲ ಅಂತ ಒಂದೇ ವಾಕ್ಯದಲ್ಲಿ ಹೇಳಿ, ಏನೂ ಆಗದ ಹಾಗೆ ಗಾಳಿಪಟಕ್ಕೆ ವಾಪಸ್ ಹೋಗ್ತಾನೆ. ಅಲ್ಲಿಂದಾಚೆಗೆ ಮಗು ಅಂಗಳಕ್ಕಿಳಿದಾಗಲೆಲ್ಲ ಓದುಗರ ಕಿವಿ ರಸ್ತೆ ಕಡೆಗೇ.

ಇದು ಈತನ ಕಸುಬಿನ ಮುಖ್ಯ ಪಟ್ಟು ಅಂತ ನನ್ನ ವಾದ. ಆಶ್ಚರ್ಯವನ್ನು ಬಿಟ್ಟುಕೊಟ್ಟು ದಿಗಿಲನ್ನು ಪಡೆಯೋದು. ‘ಕ್ಯಾರಿ’ಯಲ್ಲಿ ಪತ್ರಿಕೆಯ ತುಣುಕು, ವಿಚಾರಣಾ ಆಯೋಗದ ವರದಿ ಇವೆಲ್ಲ ಮಧ್ಯೆ ಮಧ್ಯೆ ಬಂದು ಶಾಲೆಯ ನೃತ್ಯಕೂಟದ ರಾತ್ರಿ ಊರೇ ಹಾಳಾಗುತ್ತೆ ಅಂತ ಆರಂಭದಿಂದಲೇ ಹೇಳುತ್ತಿರುತ್ತವೆ. ‘ಸೇಲಮ್ಸ್ ಲಾಟ್’ (1975) ಶುರುವಾಗೋದೇ ಊರು ಬಿಟ್ಟು ಓಡಿಬಂದ ಒಬ್ಬ ಗಂಡಸು, ಒಬ್ಬ ಹುಡುಗನಿಂದ. ಯಾರು ಉಳೀತಾರೆ ಅಂತ ಪೀಠಿಕೆಯಲ್ಲೇ ಗೊತ್ತು. ಉಳಿದವರೆಲ್ಲ ಹೋಗ್ತಾರೆ ಅಂತಲೂ ಆಯ್ತಲ್ಲ.

ಜಯಲಕ್ಷ್ಮೀಪುರಂ

ಪಟ್ಟು ಒಪ್ಪಿದೆ, ಸ್ಥಾನ ಒಪ್ಪಲ್ಲ. ‘ದಾನ್ಸ್ ಮಕಾಬ್ರ’ (1981) ಎಂಬ ತನ್ನ ವಿಮರ್ಶಾ ಪುಸ್ತಕದಲ್ಲಿ ಕಿಂಗ್ ಮೂರು ಮೆಟ್ಟಿಲು ಹೇಳ್ತಾನೆ: ಎಲ್ಲಕ್ಕಿಂತ ಮೇಲೆ ದಿಗಿಲು, ಅದು ಆಗದಿದ್ದರೆ ಭೀತಿ, ಅದೂ ಆಗದಿದ್ದರೆ ಹೇಸಿಗೆ. ‘ಪೆಟ್ ಸೆಮೆಟರಿ’ ಮುಕ್ಕಾಲು ಭಾಗ ಮೇಲಿನ ಮೆಟ್ಟಿಲಲ್ಲಿದ್ದು, ಕೊನೆಗೆ ಚಾಕು ಕತ್ತರಿ ಹಿಡಿದು ಕೆಳಗಿಳಿಯುತ್ತೆ. ಇದು ಅತಿಯಾಯ್ತು ಅಂತ ಆತನೇ ಬರೆದು ಎತ್ತಿಟ್ಟಿದ್ದ. ಹಳೇ ಪ್ರಕಾಶಕರಿಗೆ ಕರಾರಿನ ಪ್ರಕಾರ ಇನ್ನೊಂದು ಪುಸ್ತಕ ಕೊಡಬೇಕಿತ್ತು, ಹಾಗಾಗಿ ಹೊರಬಂತು.

ನನ್ನ ಓಟು ‘ಶೈನಿಂಗ್’ಗೆ (1977). ಕಾರಣ ನೆಲಮಾಳಿಗೆಯ ಬಾಯ್ಲರು. ಚಳಿಗಾಲಕ್ಕೆ ಹೋಟೆಲು ಕಾಯೋಕೆ ಬಂದ ಜ್ಯಾಕ್‌ಗೆ ಅಲ್ಲಿನ ಕೆಲಸದವ ತೋರಿಸಿಕೊಡ್ತಾನೆ: ಒತ್ತಡ ತಾನಾಗಿ ಏರುತ್ತೆ, ಹಗಲಲ್ಲಿ ಎರಡು ಸಲ, ರಾತ್ರಿ ಮಲಗೋ ಮುಂಚೆ ಒಂದು ಸಲ ಇಳಿಸಬೇಕು. ಹೊಸದಿದ್ದಾಗ 250ರವರೆಗೆ ತಡೀತಿತ್ತು, ಈಗ ಮುಳ್ಳು 180ಕ್ಕೆ ಬಂದರೆ ನಾನು ಹತ್ತಿರ ನಿಲ್ಲಲ್ಲ ಅಂತಾನೆ. ಇದು ಪುಸ್ತಕದ ಮೂರನೇ ಅಧ್ಯಾಯ, ಇನ್ನೂ ಒಂದು ದೆವ್ವವೂ ಬಂದಿಲ್ಲ. ಕುಡಿತ ಬಿಟ್ಟ ಮುಂಗೋಪಿ ಗಂಡಸು, ಮರೆತರೆ ಸಿಡಿಯುವ ಯಂತ್ರ. ಎರಡನ್ನೂ ಒಂದೇ ಕಟ್ಟಡದಲ್ಲಿಟ್ಟು ಹಿಮ ಸುರಿಸಿ ಬಾಗಿಲು ಮುಚ್ಚಿಬಿಟ್ಟ. ಯಾವತ್ತು ಮರೀತಾನೆ ಅನ್ನೋದೊಂದೇ ಪ್ರಶ್ನೆ.

ಕುಬ್ರಿಕ್ 1980ರ ಸಿನಿಮಾದಲ್ಲಿ ಬಾಯ್ಲರು ಸಿಡಿಯೋದನ್ನೇ ಕೈಬಿಟ್ಟ, ಕೊನೆಗೆ ಜ್ಯಾಕ್ ಚಳಿಗೆ ಹೆಪ್ಪುಗಟ್ಟುತ್ತಾನೆ. ಕಿಂಗ್‌ಗೆ ಆ ಸಿನಿಮಾ ಸಮಾಧಾನ ಆಗದೆ ಇದ್ದದ್ದು ಎಲ್ಲರಿಗೂ ಗೊತ್ತು. ಪುಸ್ತಕದಲ್ಲಿ ಕೋಣೆ 217, ಸಿನಿಮಾದಲ್ಲಿ 237. ಹೊರನೋಟ ಚಿತ್ರೀಕರಿಸಿದ ಟಿಂಬರ್‌ಲೈನ್ ಲಾಡ್ಜಿನವರು, ನಮ್ಮ 217ಕ್ಕೆ ಆಮೇಲೆ ಯಾರೂ ಬರಲ್ಲ ಅಂದದ್ದಕ್ಕೆ ಬದಲಾಯಿಸಿದ್ದು.

‘ತುಳಸಿದಳ’ದ ಓದುಗರಿಗೂ ಇದೇ ಸರಿಯಾದ ಬಾಗಿಲು. ಯಂಡಮೂರಿ ಮಾಟವನ್ನೂ ವೈದ್ಯಶಾಸ್ತ್ರವನ್ನೂ ಪಕ್ಕಪಕ್ಕ ಓಡಿಸಿದ ಹಾಗೆ, ಇಲ್ಲಿ ಹೋಟೆಲಿನ ದೆವ್ವವೂ ಜ್ಯಾಕ್‌ನ ತಲೆಯೂ ಜೊತೆಗೇ ಕೆಡುತ್ತಾ ಹೋಗುತ್ತವೆ. ಜ್ಯಾಕ್‌ನನ್ನು ಉಗ್ರಾಣದಲ್ಲಿ ಕೂಡಿಹಾಕಿದ ಮೇಲೆ ಹೊರಗಿನ ಚಿಲಕ ತೆಗೆದವರು ಯಾರು? ಅಲ್ಲಿಯವರೆಗೆ ಅನುಮಾನಕ್ಕೆ ಜಾಗ ಇದೆ, ಅಲ್ಲಿಂದಾಚೆ ಇಲ್ಲ. ಚರ್ಚೆಗೆ ಕೂತಾಗ ಆ ಪುಟ ತೆಗೆದಿಡಿ, ಒಂದು ಗಂಟೆ ಅದರಲ್ಲೇ ಹೋಗುತ್ತೆ.

ಮದ್ದೂರು ವಡೆ

ದೆವ್ವ ಗಿವ್ವ ಎಲ್ಲಾ ಬುಡಿ ಸಾ. ‘ದಿ ಲಾಂಗ್ ವಾಕ್’ ಯಾರೂ ಎತ್ಲೇ ಇಲ್ವಲ್ಲ? ರಿಚರ್ಡ್ ಬ್ಯಾಕ್‌ಮನ್ ಅಂತ ಕಳ್ಳ ಹೆಸ್ರಲ್ಲಿ 1979ರಲ್ಲಿ ತಂದಿದ್ದು. ಕಾಲೇಜಲ್ಲಿ ಓದ್ತಾ ಇದ್ದಾಗ್ಲೇ ಬರ್ದಿದ್ದಂತೆ.

ನೂರು ಹುಡುಗ್ರು. ಗಂಟೆಗೆ ನಾಕು ಮೈಲಿ, ಅಂದ್ರೆ ಆರೂವರೆ ಕಿಲೋಮೀಟ್ರು ಹತ್ರತ್ರ, ಅದುಕ್ಕಿಂತ ಕಮ್ಮಿ ಆಗಂಗಿಲ್ಲ. ನಿಧಾನ ಆದ್ರೆ ಎಚ್ಚರಿಕೆ. ಮೂರು ಎಚ್ಚರಿಕೆ ಆದ್ಮೇಲೆ ನಾಕ್ನೇದು ಗುಂಡು. ಒಂದು ಗಂಟೆ ತಪ್ಪಿಲ್ದಂಗೆ ನಡುದ್ರೆ ಒಂದು ಎಚ್ಚರಿಕೆ ಮಾಫಿ. ನಿದ್ದೆ ಇಲ್ಲ, ಕೂರಂಗಿಲ್ಲ, ಬಹಿರ್ದೆಸೆನೂ ರಸ್ತೇಲೇ. ಕೊನೇಗ್ ಉಳಿಯೋನು ಒಬ್ಬ. ಅಷ್ಟೇಯ ಕತೆ.

ಆ ಲೆಕ್ಕ ಹಿಡ್ಕಂಡು ನೋಡಿ. ಮೈಸೂರಿಂದ ಮಂಡ್ಯ 45 ಕಿಲೋಮೀಟ್ರು, ಏಳು ಗಂಟೆ ನಿಲ್ದಂಗೆ ನಡೀಬೇಕು. ಬೆಂಗ್ಳೂರು ಮುಟ್ಟೋಕೆ 22 ಗಂಟೆ ಮೇಲೆ. ಕಾದಂಬ್ರೀಲಿ ಅದಾದ್ಮೇಲೂ ದಿನಗಟ್ಲೆ ನಡೀತಾರೆ. ಎಲ್ಲಾ ನಿಯಮನೂ ಮೊದ್ಲೇ ಹೇಳಿರ್ತಾನೆ, ಆಮೇಲೆ ಒಂದೂ ಬದ್ಲಾಯ್ಸಲ್ಲ, ಅದುಕ್ಕೇ ಕಣ್ರೀ ಎದೆ ಹಿಡ್ಕಳದು. 2025ರಲ್ಲಿ ಸಿನಿಮಾನೂ ಬಂತು, ಅದ್ರಲ್ಲಿ ವೇಗ ಮೂರು ಮೈಲಿಗೆ ಇಳಿಸವ್ರೆ.

ಕುಕ್ಕರಹಳ್ಳಿ ದಂಡೆ

ವಡೆಯವರೇ, ಇದು ಪಟ್ಟಿಗೆ ಬಂತು. ‘ಸ್ಟ್ಯಾಂಡ್’ ಹೊರಗೆ.

ಪಾರಿಜಾತ

‘ಮಿಸರಿ’ (1987) ಪಟ್ಟಿಯಲ್ಲಿದೆ, ಆದರೆ ಯಾರೂ ಅದರ ಪರವಾಗಿ ಮಾತಾಡಿಲ್ಲ. ಒಂಟಿಕೊಪ್ಪಲು ಸರ್ ಹೇಳಿದ ಪಟ್ಟು ಇಲ್ಲಿ ಕೆಲಸಕ್ಕೆ ಬರೋದಿಲ್ಲ, ಏನಾಗುತ್ತೆ ಅಂತ ಮೊದಲೇ ಹೇಳೋದಿಲ್ಲ. ಕೆಲಸ ಮಾಡೋದು ಸಾಮಾನುಗಳು. ಕಾಲು ಮುರಿದು ಬಿದ್ದಿರುವ ಕಾದಂಬರಿಕಾರ, ಅವನನ್ನು ಕೂಡಿಹಾಕಿಕೊಂಡ ಅಭಿಮಾನಿ ಆನಿ ವಿಲ್ಕ್ಸ್, ಒಂದು ಕೋಣೆ. ಅವಳು ತರುವ ರಾಯಲ್ ಟೈಪ್‌ರೈಟರಿನಲ್ಲಿ ‘ಎನ್’ ಅಕ್ಷರ ಇಲ್ಲ. ಮುಂದೆ ‘ಟಿ’ ಉದುರುತ್ತೆ, ಆಮೇಲೆ ‘ಇ’. ಅವನು ಬರೆಯುವ ಕಾದಂಬರಿಯ ಪುಟಗಳನ್ನು ಪುಸ್ತಕದಲ್ಲಿ ಹಾಗೇ ಅಚ್ಚು ಹಾಕಿದ್ದಾರೆ, ಬಿಟ್ಟ ಅಕ್ಷರ ಕೈಯಲ್ಲಿ ತುಂಬಿದ ಹಾಗೆ. ಅವಳು ದುಬಾರಿ ಕಾಗದ ತಂದುಕೊಡ್ತಾಳೆ, ಅದರ ಮೇಲೆ ಅಕ್ಷರ ಮೆತ್ತಿಕೊಳ್ಳುತ್ತೆ ಅಂತ ಇವನು ದೂರು ಹೇಳ್ತಾನೆ. ಆ ಒಂದು ದೂರಿಗೆ ಸಿಗುವ ಶಿಕ್ಷೆ ಓದಿದ ಮೇಲೆ ಪ್ರತಿ ಸಂಭಾಷಣೆಯಲ್ಲೂ ಅವನು ಯಾವ ಮಾತು ಆಡಬಾರದು ಅಂತ ಓದುವವರೇ ಲೆಕ್ಕ ಹಾಕೋಕೆ ಶುರುಮಾಡ್ತಾರೆ.

ಸಿನಿಮಾದಲ್ಲಿ (1990) ಸುತ್ತಿಗೆಯಿಂದ ಕಾಲು ಮುರೀತಾಳೆ. ಪುಸ್ತಕದಲ್ಲಿ ಕೊಡಲಿ, ಆಮೇಲೆ ಗಾಯ ಸುಡೋಕೆ ಬ್ಲೋಟಾರ್ಚ್. ರಕ್ತ ನೋಡಿದರೆ ತಲೆ ಸುತ್ತುವವರು ಬಳಗದಲ್ಲಿದ್ದರೆ ಮೊದಲೇ ಹೇಳಿಬಿಡಿ. ಬಾಲು ಮಹೇಂದ್ರ 2003ರಲ್ಲಿ ತಮಿಳಿನಲ್ಲಿ ತೆಗೆದ ‘ಜೂಲಿ ಗಣಪತಿ’ಗೂ ಮೂಲ ಇದೇ.

ಒಂಟಿಕೊಪ್ಪಲು

ಒಪ್ಪಿದೆ ಮೇಡಂ. ಬ್ರಾಮ್ ಸ್ಟೋಕರ್ ಪ್ರಶಸ್ತಿ ಶುರುವಾದ ವರ್ಷ ಕಾದಂಬರಿ ವಿಭಾಗದಲ್ಲಿ ಅದನ್ನು ಹಂಚಿಕೊಂಡ ಎರಡು ಪುಸ್ತಕಗಳಲ್ಲಿ ‘ಮಿಸರಿ’ ಒಂದು. ದೆವ್ವವಿಲ್ಲದ ಪುಸ್ತಕಕ್ಕೆ ಭಯಾನಕ ಸಾಹಿತ್ಯದ ಪ್ರಶಸ್ತಿ.

ಹಳೇಪುಸ್ತಕ

ಹಾಗಾದರೆ ‘ಇಟ್’ (1986) ಬಗ್ಗೆ. ಕೋಡಂಗಿಯಾಗಿ, ಇನ್ನೂ ಏನೇನೋ ರೂಪದಲ್ಲಿ ಬಂದು ಡೆರ್ರಿ ಊರಿನ ಮಕ್ಕಳನ್ನು ಕೊಲ್ಲುವ ಪಿಶಾಚಿ; ಅದನ್ನು ಎದುರಿಸಿದ ಏಳು ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಎದುರಿಸಬೇಕಾದ ಕಥೆ. ಅರ್ಧಕ್ಕೆ ಬಿಟ್ಟವರೇ ಹೆಚ್ಚು, ಬಿಡೋ ಜಾಗವೂ ಹೆಚ್ಚುಕಮ್ಮಿ ಒಂದೇ. ಮಳೆನೀರಲ್ಲಿ ಕಾಗದದ ದೋಣಿ ಬಿಡುವ ಮಗುವಿನ ಮೊದಲ ಅಧ್ಯಾಯ ಎಲ್ಲರೂ ಒಂದೇ ಉಸಿರಿಗೆ ಓದ್ತಾರೆ. ಮೂರನೇ ಅಧ್ಯಾಯದಲ್ಲಿ 1985ರ ಫೋನ್ ಕರೆಗಳು ಬರುತ್ತವೆ. ಒಂದೊಂದು ಕರೆಗೆ ಒಬ್ಬೊಬ್ಬ ಹೊಸ ದೊಡ್ಡವರು, ಅವರವರ ಸಂಸಾರ, ಕಸುಬು. ಬಾಲ್ಯ ಇನ್ನೂ ಓದೇ ಇಲ್ಲ, ಹಾಗಾಗಿ ಯಾರು ಯಾರೋ ತಿಳಿಯಲ್ಲ, ಪುಸ್ತಕ ಕೆಳಗಿಡ್ತಾರೆ.

ಬುಕ್‌ಮಾರ್ಕಿನ ಮೇಲೆ ಏಳು ಸಾಲು ಬರೆದಿಟ್ಟುಕೊಂಡರೆ ಈ ತೊಂದರೆ ಇಲ್ಲ. ಬಿಲ್, ತೊದಲುವ ಹುಡುಗ, ಮುಂದೆ ಕಾದಂಬರಿಕಾರ. ಬೆನ್, ದಪ್ಪ ಹುಡುಗ, ಮುಂದೆ ವಾಸ್ತುಶಿಲ್ಪಿ. ಬೆವರ್ಲಿ, ಅಪ್ಪನ ಏಟು ತಿನ್ನುವವಳು, ಮುಂದೆ ಉಡುಪು ವಿನ್ಯಾಸಕಿ. ರಿಚಿ, ಬಾಯಿಬಡುಕ, ರೇಡಿಯೋದವನು. ಎಡ್ಡಿ, ಇನ್‌ಹೇಲರ್ ಹುಡುಗ, ಕಾರು ಬಾಡಿಗೆಯ ವ್ಯವಹಾರ. ಸ್ಟ್ಯಾನ್, ಅಚ್ಚುಕಟ್ಟಿನವನು, ಲೆಕ್ಕಪರಿಶೋಧಕ. ಮೈಕ್ ಒಬ್ಬನೇ ಊರಲ್ಲೇ ಉಳಿದು ಗ್ರಂಥಪಾಲಕನಾದವನು. ಮಧ್ಯೆ ಬರುವ ‘ಡೆರ್ರಿ’ ಎಂಬ ಮಧ್ಯಂತರಗಳು ಇವನ ಟಿಪ್ಪಣಿಗಳು. ಊರಿನ ಹಳೇ ಬೆಂಕಿ, ಗುಂಡೇಟು, ಸ್ಫೋಟ, ಎಲ್ಲ ಸುಮಾರು 27 ವರ್ಷಕ್ಕೊಮ್ಮೆ ಮರುಕಳಿಸೋದು ಅಲ್ಲೇ ಗೊತ್ತಾಗೋದು. ಬೇಜಾರು ಅಂತ ಅವನ್ನು ಹಾರಿಸಿದವರಿಗೆ ಆಮೇಲೆ ‘ಇಟ್’ ಬರೀ ಕೋಡಂಗಿ ಕಥೆ.

ಸಿನಿಮಾ (2017, 2019) ಮಕ್ಕಳ ಭಾಗ, ದೊಡ್ಡವರ ಭಾಗ ಅಂತ ಸೀಳಿಬಿಟ್ಟಿತು. ಪುಸ್ತಕದ ಶಕ್ತಿ ಇರೋದೇ ಎರಡೂ ಹೆಣೆದುಕೊಂಡಿರೋದರಲ್ಲಿ. ಕೊನೆಯ ಭಾಗದಲ್ಲಂತೂ ಒಂದು ವಾಕ್ಯ 1958ರಲ್ಲಿ ಅರ್ಧಕ್ಕೆ ನಿಂತು 1985ರಲ್ಲಿ ಮುಗಿಯುತ್ತೆ.

ಜಯಲಕ್ಷ್ಮೀಪುರಂ

ಕೊನೆಗೆ ಜೇಡ. ಅಷ್ಟು ಪುಟ ಕಾದು ಜೇಡ.

ಹಳೇಪುಸ್ತಕ

ಅದಕ್ಕೆ ಉತ್ತರ ಇಲ್ಲ ಸಾರ್. ಮುಕ್ತಾಯ ಈತನ ದೌರ್ಬಲ್ಯ. ಮೊದಲೇ ನಕ್ಷೆ ಹಾಕಿಕೊಂಡು ಬರೆಯುವವನಲ್ಲ, ಪಾತ್ರ ಮತ್ತು ಸಂದರ್ಭ ಇಟ್ಟು ಬಿಡ್ತಾನೆ, ಅವು ಎಲ್ಲಿಗೆ ಕರೆದುಕೊಂಡು ಹೋದರೆ ಅಲ್ಲಿಗೆ. ‘ಸ್ಟ್ಯಾಂಡ್’ ಬರೆಯುವಾಗ ಐನೂರು ಪುಟ ದಾಟಿದ ಮೇಲೆ ಕಥೆ ನಿಂತೇಹೋಯಿತು, ಪಾತ್ರಗಳು ಮಿತಿಮೀರಿದ್ದವು. ಕೊನೆಗೆ ಒಂದು ಬಾಂಬಿಟ್ಟು ಅರ್ಧ ಜನರನ್ನು ಕಳಿಸಿ ಮುಂದುವರಿಸಿದ. ‘ಆನ್ ರೈಟಿಂಗ್’ನಲ್ಲಿ (2000) ಇದನ್ನು ಆತನೇ ಬಿಚ್ಚಿ ಹೇಳ್ತಾನೆ. ಸಣ್ಣ ಪುಸ್ತಕಗಳು ಹೆಚ್ಚು ಗಟ್ಟಿ ಅನ್ನಿಸೋದು ಇದರಿಂದಲೇ ಇರಬೇಕು, ದಾರಿ ತಪ್ಪೋಕೆ ಜಾಗ ಇರೋದಿಲ್ಲ.

ಸಕ್ಕರೆ ನಾಡು

ಸಣ್ಣದು ಅಂದ್ರೆ ‘1922’ ಸೇರಿಸಿ ಅಣ್ಣ. ‘ಫುಲ್ ಡಾರ್ಕ್, ನೋ ಸ್ಟಾರ್ಸ್’ (2010) ಸಂಕಲನದ ಮೊದಲನೇದು. ನೆಬ್ರಾಸ್ಕಾದ ರೈತ. ಹೆಂಡತಿಗೆ ತವರಿಂದ 100 ಎಕರೆ ಬಂದಿರುತ್ತೆ. ಅವಳು ಹಂದಿ ಕಸಾಯಿ ಕಂಪನಿಗೆ ಮಾರಿ ಪಟ್ಟಣಕ್ಕೆ ಹೋಗಬೇಕು ಅಂತಾಳೆ, ಇವನಿಗೆ ಮಣ್ಣು ಬಿಡೋಕೆ ಮನಸ್ಸಿಲ್ಲ. ಮಗನನ್ನೂ ಸೇರಿಸಿಕೊಂಡು ಅವಳನ್ನು ಕೊಂದು ಹಾಳುಬಾವಿಗೆ ಹಾಕ್ತಾನೆ. ಬಾವಿ ಯಾಕೆ ಮುಚ್ಚಿದೆ ಅಂತ ಯಾರಾದರೂ ಕೇಳಿದರೆ? ಒಂದು ಹಸುವನ್ನೂ ಅದರೊಳಗೆ ಬೀಳಿಸ್ತಾನೆ. ಹಸು ಬಿತ್ತು, ಮುಚ್ಚಿದೆ. ಆಮೇಲೆ ಇಲಿಗಳು.

ಜಮೀನಿನ ವ್ಯಾಜ್ಯ ಹೇಗೆ ಮನೆಯೊಳಗೆ ಬರುತ್ತೆ ಅಂತ ಮಂಡ್ಯದವರಿಗೆ ಯಾರೂ ಟಿಪ್ಪಣಿ ಕೊಡಬೇಕಾಗಿಲ್ಲ. ದೆವ್ವ ಇದೆಯೋ, ಮಾಡಿದ ಪಾಪ ತಲೆ ತಿಂತಿದೆಯೋ ಎರಡೂ ಕೊನೆವರೆಗೆ ನಿಲ್ಲುತ್ತೆ. ನೂರಿಪ್ಪತ್ತು, ನೂರಮೂವತ್ತು ಪುಟದಲ್ಲಿ ಮುಗಿಯುತ್ತೆ.

ಒಂಟಿಕೊಪ್ಪಲು

‘ಸೇಲಮ್ಸ್ ಲಾಟ್’ ಬಿಟ್ಟುಹೋಗಬಾರದು. ರಕ್ತಪಿಶಾಚಿ ಒಳಗೆ ಬರಬೇಕಾದರೆ ಮನೆಯವರೇ ಕರೆಯಬೇಕು, ಇದು ನಿಯಮ. ಬಾಗಿಲ ಮೇಲೆ ‘ನಾಳೆ ಬಾ’ ಬರೆದ ಊರಿನವರಿಗೆ ಇದು ಹೊಸತೇನಲ್ಲ, ಅಲ್ಲೂ ದೆವ್ವ ಪರಿಚಿತರ ದನಿಯಲ್ಲೇ ಕೂಗುತ್ತಿತ್ತಲ್ಲ. ಇಲ್ಲಿ ಸತ್ತ ಹುಡುಗನೇ ರಾತ್ರಿ ಮಹಡಿಯ ಕಿಟಕಿಗೆ ಬಂದು ಒಳಗೆ ಬಿಡು ಅಂತಾನೆ. ಒಳಗಿರುವ ಹುಡುಗ ಮಾರ್ಕ್ ತನ್ನ ಆಟಿಕೆ ಸ್ಮಶಾನದ ಪ್ಲಾಸ್ಟಿಕ್ ಶಿಲುಬೆ ಹಿಡಿದು ಅವನನ್ನು ಓಡಿಸ್ತಾನೆ. ಮುಂದೆ ಪಾದ್ರಿ ಕ್ಯಾಲಹನ್ ನಿಜವಾದ ಶಿಲುಬೆ ಹಿಡಿದು ನಿಂತಾಗ, ಅದನ್ನು ಬಿಟ್ಟು ಬರಿಗೈಯಲ್ಲಿ ಬಾ ಅನ್ನುತ್ತಾನೆ ಹಿರಿಯ ರಕ್ತಪಿಶಾಚಿ ಬಾರ್ಲೋ. ಪಾದ್ರಿ ಅಳುಕಿದ, ಶಿಲುಬೆಯ ಬೆಳಕು ಆರಿತು. ಎರಡು ಪ್ರಸಂಗ ಪಕ್ಕಪಕ್ಕ ಓದಿ.

ಮೊದಲ ನೂರು ಪುಟ ನಿಧಾನ. ಹಾಲಿನವನು, ಬಾಡಿಗೆ ಮನೆಯವಳು, ಕಸದ ಗುಂಡಿ ಕಾಯುವವನು ಅಂತ ಇಡೀ ಊರನ್ನು ಬೆಳಗಿಂದ ರಾತ್ರಿವರೆಗೆ ಸುತ್ತಿಸ್ತಾನೆ. ಅಲ್ಲಿ ಹೆಸರು ನೆನಪಿಟ್ಟುಕೊಳ್ಳದಿದ್ದರೆ ಆಮೇಲೆ ಒಂದೊಂದು ಮನೆಯ ದೀಪ ಆರಿದಾಗ ಏನೂ ಅನ್ನಿಸೋದಿಲ್ಲ.

ಪಾರಿಜಾತ

ಸಣ್ಣಕಥೆಗಳಿಗೆ ಒಂದು ತಿಂಗಳು ಬೇಡವೇ? ‘ನೈಟ್ ಶಿಫ್ಟ್’ (1978) ಇಪ್ಪತ್ತು ಕಥೆ, ಎಲ್ಲವೂ ಬೇಕಿಲ್ಲ. ‘ದಿ ಲೆಡ್ಜ್’: ಗಗನಚುಂಬಿಯ ಸುತ್ತ ಐದಿಂಚು ಅಗಲದ ಅಂಚಿನ ಮೇಲೆ ನಡೆಯುವ ಪಂದ್ಯ. ‘ಕ್ವಿಟರ್ಸ್ ಇಂಕ್’: ಸಿಗರೇಟು ಬಿಡಿಸುವ ಸಂಸ್ಥೆ, ನೀವು ಸೇದಿದರೆ ಶಿಕ್ಷೆ ನಿಮ್ಮ ಹೆಂಡತಿಗೆ; ಅನುರಾಗ್ ಕಶ್ಯಪ್‌ನ ‘ನೋ ಸ್ಮೋಕಿಂಗ್’ಗೆ (2007) ಎಳೆ ಇಲ್ಲಿಂದ. ‘ದಿ ಲಾಸ್ಟ್ ರಂಗ್ ಆನ್ ದಿ ಲ್ಯಾಡರ್’ನಲ್ಲಿ ಭಯವೂ ಇಲ್ಲ, ದೆವ್ವವೂ ಇಲ್ಲ, ಅಣ್ಣ ತಂಗಿ ಮತ್ತು ಒಂದು ಏಣಿ. ಇಡೀ ಸಂಕಲನದಲ್ಲಿ ಅದೇ ಶ್ರೇಷ್ಠ. ‘ಸ್ಕೆಲಿಟನ್ ಕ್ರೂ’ (1985) ಇಂದ ‘ದಿ ಮಿಸ್ಟ್’ ಮತ್ತು ‘ದಿ ಜಾಂಟ್’. ಸಿನಿಮಾ ನೋಡಿದವರಿಗೆ ‘ಮಿಸ್ಟ್’ನ ಕೊನೆ ಗೊತ್ತು ಅನ್ನಿಸಬಹುದು, ಗೊತ್ತಿಲ್ಲ. ಕಥೆಯ ಕೊನೆ ಬೇರೆ.

ಮದ್ದೂರು ವಡೆ

‘ಡಾರ್ಕ್ ಟವರ್’ ಕೇಳ್ತಾರೆ ಯಾರಾದ್ರೂ, ನಾನೇ ಮೊದ್ಲು ಯೋಳ್ಬುಡ್ತೀನಿ: ಬ್ಯಾಡ. ಏಳು ಸಂಪುಟ, 1982ರಿಂದ 2004, ಆಮೇಲೊಂದು ಸೇರ್ಕಂತು. ಒಂಟಿಯಾಗಿ ಓದ್ಕಳದು ಅದು.

ಜಯಲಕ್ಷ್ಮೀಪುರಂ

‘ಟಾಮಿನಾಕರ್ಸ್’ (1987) ಕೂಡ ಬೇಡ. ಅದು ಕೆಟ್ಟ ಪುಸ್ತಕ ಅಂತ ಆತನೇ ಸಂದರ್ಶನದಲ್ಲಿ ಒಪ್ಪಿಕೊಂಡಿದ್ದಾನೆ. ಈಚಿನದು ಒಂದಾದರೂ ಇರಲಿ ಅನ್ನೋದಾದರೆ ‘ರಿವೈವಲ್’ (2014). ಮುಕ್ತಾಯ ಕೆಡಿಸ್ತಾನೆ ಅನ್ನೋ ಮಾತಿಗೆ ಅದು ಎದುರು ಸಾಕ್ಷಿ, ಕೊನೆಯ ಮೂವತ್ತು ಪುಟಕ್ಕಾಗಿಯೇ ಉಳಿದದ್ದೆಲ್ಲ ಕಟ್ಟಿದ್ದಾನೆ.

ಸಕ್ಕರೆ ನಾಡು

ಒಂದು ಉಪಾಯ. ‘ಗ್ರೀನ್ ಮೈಲ್’ 1996ರಲ್ಲಿ ಮಾರ್ಚಿಂದ ಆಗಸ್ಟ್‌ವರೆಗೆ ಆರು ತೆಳು ಪುಸ್ತಕವಾಗಿ ತಿಂಗಳಿಗೊಂದರಂತೆ ಬಂದಿದ್ದು. ಹೆಚ್ಚಿನವು ನೂರು ಪುಟದ ಆಸುಪಾಸು. ನಿಮಗೂ ಆರೇ ತಿಂಗಳು. ಮುಖ್ಯ ಪುಸ್ತಕದ ಜೊತೆ ಒಂದೊಂದು ಕಂತು ಇಟ್ಟುಕೊಳ್ಳಿ. ಸುಧಾ, ತರಂಗದ ಧಾರಾವಾಹಿ ಕಾದು ಓದಿದವರು ಬಳಗದಲ್ಲಿದ್ದಾರಲ್ಲ, ಅವರಿಗೆ ಕಂತು ಮುರಿಯುವ ಕಲೆ ತಾನಾಗಿ ಕಾಣುತ್ತೆ. ಹಿಂದಿನ ಕಂತು ನೆನಪಿಸೋ ಕೆಲಸವನ್ನು ವೃದ್ಧಾಶ್ರಮದಲ್ಲಿ ಕೂತು ಬರೆಯುವ ಮುದುಕ ಪಾಲ್‌ನ ಕೈಲಿ ಮಾಡಿಸಿದ್ದಾನೆ, ‘ಇಲ್ಲಿಯವರೆಗೆ’ ಅಂತ ಬೇರೆ ಹಾಕಬೇಕಿಲ್ಲ. ಈಗ ಒಂದೇ ಸಂಪುಟದಲ್ಲಿ ಸಿಗೋದು, ಒಳಗೆ ಆರು ಭಾಗ ಹಾಗೇ ಇದೆ.

ಕುಕ್ಕರಹಳ್ಳಿ ದಂಡೆ

ಇದು ಬಹಳ ಚೆನ್ನಾಗಿದೆ. ಈಗಿನ ಪಟ್ಟಿ: ಮೊದಲ ತಿಂಗಳು ಪಾರಿಜಾತ ಅವರ ಐದು ಕಥೆ ಮತ್ತು ‘1922’, ಎರಡು ‘ಸೇಲಮ್ಸ್ ಲಾಟ್’, ಮೂರು ‘ಲಾಂಗ್ ವಾಕ್’, ನಾಲ್ಕು ‘ಶೈನಿಂಗ್’, ಐದು ‘ಮಿಸರಿ’, ಆರು ‘ಪೆಟ್ ಸೆಮೆಟರಿ’. ಜೊತೆಗೆ ತಿಂಗಳಿಗೊಂದು ‘ಗ್ರೀನ್ ಮೈಲ್’ ಕಂತು. ‘ಇಟ್’ ಬೇಸಿಗೆ ರಜೆಗೆ, ಬೇಕಾದವರಿಗೆ.

ಒಂಟಿಕೊಪ್ಪಲು

‘ಪೆಟ್ ಸೆಮೆಟರಿ’ ಆರನೇದಾ? ಅನ್ಯಾಯ. ಆದರೂ ಕೊನೆಯಲ್ಲಿರೋದು ಒಂದು ಲೆಕ್ಕಕ್ಕೆ ಸರಿ, ಅದಾದ ಮೇಲೆ ಬೇರೇನೂ ಓದೋಕಾಗಲ್ಲ. ಪುಟ್ಟ ಮಕ್ಕಳಿರುವ ತಾಯ್ತಂದೆಯರಿಗೆ ಗಾಳಿಪಟದ ಅಧ್ಯಾಯಕ್ಕೆ ಮುಂಚೆ ಎಚ್ಚರಿಕೆ ಕೊಡಿ.

ಹಳೇಪುಸ್ತಕ

ಕೊಳ್ಳುವವರಿಗೆ ಕೊನೆಯದಾಗಿ. ನಮ್ಮಲ್ಲಿ ಹೆಚ್ಚಾಗಿ ಸಿಗೋದು ಹಾಡರ್ ಪ್ರಕಾಶನದ ಮುದ್ರಣ. ಫುಟ್‌ಪಾತಿನ ನಕಲಿ ಪ್ರತಿಯಲ್ಲಿ 16 ಅಥವಾ 32 ಪುಟದ ಒಂದಿಡೀ ಕಟ್ಟೇ ಬಿಟ್ಟುಹೋಗಿರುತ್ತೆ, ಇಲ್ಲವೇ ಎರಡು ಸಲ ಹೊಲಿದಿರುತ್ತಾರೆ. ದುಡ್ಡು ಕೊಡೋ ಮುಂಚೆ ಪುಟಸಂಖ್ಯೆ ಹತ್ತತ್ತಕ್ಕೆ ತಿರುವಿ ನೋಡಿ. ‘ಲಾಂಗ್ ವಾಕ್’ ಬಿಡಿಯಾಗಿ ಸಿಗದಿದ್ದರೆ ‘ದಿ ಬ್ಯಾಕ್‌ಮನ್ ಬುಕ್ಸ್’ ಸಂಪುಟ ತೆಗೆದುಕೊಳ್ಳಬಹುದು. 1985ರ ಹಳೇ ಮುದ್ರಣದಲ್ಲಿ ನಾಲ್ಕು ಕಾದಂಬರಿ. ಹೊಸದರಲ್ಲಿ ಮೂರೇ ಇದ್ದರೆ ನಕಲಿ ಅಂತ ಜಗಳಕ್ಕೆ ಹೋಗಬೇಡಿ. ಶಾಲೆಯಲ್ಲಿ ಗುಂಡು ಹಾರಿಸುವ ‘ರೇಜ್’ ಅನ್ನು, ನಿಜವಾಗಿ ಅಂಥ ಘಟನೆಗಳು ನಡೆದ ಮೇಲೆ, ಕಿಂಗ್‌ನೇ ಮುದ್ರಣದಿಂದ ವಾಪಸ್ ತೆಗೆಸಿದ.

ಮದ್ದೂರು ವಡೆ

ಮೂರ್ನೇ ತಿಂಗ್ಳು ಚರ್ಚೆ ಕುಕ್ಕರಹಳ್ಳಿ ಕೆರೆ ಏರಿ ಮ್ಯಾಲೆ ನಡ್ಕಂಡೇ ಮಾಡಿ ಸಾ. ನಿಂತವ್ರಿಗೆ ಎಚ್ಚರಿಕೆ.